ನೀಲಿ ಗುರುತಿನ ಪಂಢರಿ

ಔರಾದ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಪಂಢರಿ ಮಾರುತಿಗೆ, ತಾನು ನಿಜವಾಗಿಯೂ ಪಂಢರಿ ಮಾರುತಿಯೇ ಎಂದು ಲೋಕಕ್ಕೆ ಸಾಬೀತು ಮಾಡಬೇಕೆಂಬ ಆಸೆ ನಲವತ್ತಾರನೆಯ ವಯಸ್ಸಿನಲ್ಲಿ ಹುಟ್ಟಿತು. ಅಲ್ಲಿಯವರೆಗೆ ಆ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆಸೆ ಹುಟ್ಟಿಸಿದ್ದು ‘ಓಗೊಡು’. ಎರಡು ಮಳೆಗಾಲ ಒಂದರ ಹಿಂದೊಂದು ಕೈಕೊಟ್ಟು, ಮಾಂಜ್ರಾ ನದಿಯ ಪಾತ್ರದಲ್ಲಿ ದನಗಳು ಮಲಗತೊಡಗಿದ್ದ ಕಾಲ ಅದು. ಬೀದರ್ ಜಿಲ್ಲೆಯ ಅರ್ಧ ಜನ ಪುಣೆ, ಹೈದರಾಬಾದ್ ಎಂದು ದುಡಿಯಲು ಹೋಗಿದ್ದರು. ಹೋದವರ ಕೈಯಲ್ಲಿ ಇವತ್ತಿದ್ದ ಫೋನು ನಾಳೆ ಇರುತ್ತಿರಲಿಲ್ಲ. ಅಂಥವರಿಗಾಗಿ ಧಾರವಾಡದ ಇಬ್ಬರು ಗೆಳೆಯರು ಓಗೊಡು ಮಾಡಿದ್ದರು. ಯಾರದೇ ಫೋನಿನಿಂದ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟು ತನ್ನ ಹೆಸರು, ಅಪ್ಪನ ಹೆಸರು, ಊರ ಹೆಸರು ಹೇಳಿದರೆ ಸಾಕು, ತನಗೆ ಬಂದ ಮಾತು ಕೇಳಬಹುದಿತ್ತು, ತಾನೂ ಎರಡು ನಿಮಿಷ ಮಾತಾಡಿ ಇಡಬಹುದಿತ್ತು. ದೊಡ್ಡ ಫೋನಿದ್ದವರಿಗೆ ಅದೇ ಆ್ಯಪ್ ಆಗಿ ಬರುತ್ತಿತ್ತು. ಸಂತೆಯಲ್ಲಿ ಜನ ‘ಅವನಿಗೆ ಫೋನ್ ಮಾಡೀನಿ’ ಎನ್ನುವುದನ್ನು ಬಿಟ್ಟು ‘ಓಗೊಟ್ಟೀನಿ’ ಎನ್ನತೊಡಗಿದ್ದರು.

ಜನರಿಗೆ ಇಷ್ಟು ಹಿಡಿಸಿದ್ದು ದೊಡ್ಡವರ ಕಣ್ಣಿಗೆ ಬೀಳದೆ ಇರುತ್ತದೆಯೇ? ನಾಗಪಂಚಮಿಯ ಹೊತ್ತಿಗೆ ದಿಲ್ಲಿ ಕಡೆಯ ಬೋಲೆಕ್ಸ್ ಎಂಬ ಕಂಪನಿ ಓಗೊಡುವನ್ನು ಕೊಂಡುಕೊಂಡಿತು. ಕೊಂಡ ಮೇಲೆ ಸುಧಾರಿಸಬೇಕಲ್ಲ, ಸುಧಾರಿಸಿತು. ಮೊದಲು ಊರ ಹೆಸರು ಕೇಳುವುದನ್ನು ತೆಗೆದರು. ಅಲ್ಲಿಯ ಇಂಜಿನಿಯರಿಗೆ ಅದು ಅನಗತ್ಯವೆನಿಸಿತಂತೆ. ಪಾಪ, ಅವನಿಗೆ ಊರೇ ಇರಲಿಲ್ಲವೋ ಏನೋ. ಆಮೇಲೆ ಪ್ರತಿ ಮಾತಿಗೂ ಮುಂಚೆ ಕೂದಲೆಣ್ಣೆಯ ಜಾಹೀರಾತು ಬಂತು. ಆ್ಯಪ್‌ನಲ್ಲಿ ದನಿಯಲ್ಲಿ ಉತ್ತರಿಸುವ ಹಕ್ಕು ‘ಚಿನ್ನದ ಸದಸ್ಯ’ರಿಗೆ ಮಾತ್ರ ಉಳಿಯಿತು. ಉಳಿದವರಿಗೆ ಮೂರು ಸಿದ್ಧ ಉತ್ತರಗಳನ್ನು ಕೊಟ್ಟರು: ‘ಸರಿ’, ‘ಆಗಲಿ’, ‘ಹ್ಹಹ್ಹಹ್ಹ’. ಮನುಷ್ಯ ಮನುಷ್ಯನಿಗೆ ಹೇಳಬೇಕಾದದ್ದು ಇಷ್ಟರಲ್ಲಿ ಮುಗಿಯುತ್ತದೆ ಎಂಬುದು ಕಂಪನಿಯ ಸಂಶೋಧನೆ.

ಕೊನೆಗೆ ಬಂದದ್ದು ನೀಲಿ ಗುರುತು. ಆಧಾರ್ ಕಾರ್ಡಿನ ಎರಡೂ ಮಗ್ಗುಲು, ಮುಖದ ಎರಡೂ ಮಗ್ಗುಲು ಕಳಿಸಿದರೆ ಹೆಸರಿನ ಪಕ್ಕ ಒಂದು ನೀಲಿ ಚುಕ್ಕೆ ಬರುತ್ತಿತ್ತು. ಪಂಢರಿ ಎಂಟು ದಿನ ಕಾದು ಅದನ್ನು ಪಡೆದ. ಪಕ್ಕದ ಚಹಾದ ಹೋಟೆಲಿನ ಹಾವಗೆಪ್ಪನಿಗೆ ಫೋನು ಹಿಡಿದು ತೋರಿಸಿದ.

“ಔರಾದದಾಗ ಇದು ಇಬ್ಬರಿಗೇ ಅದರಿ. ಒಂದು ನನಗ. ಇನ್ನೊಂದು ಇನ್ನಾ ಯಾರಿಗೂ ಬಂದಿಲ್ಲ.”

“ಅಂದ್ರ ಮೊದಲ ನೀವು ಪಂಢರಿ ಇದ್ದಿದ್ದಿಲ್ಲೇನ್ರಿ?” ಎಂದು ಹಾವಗೆಪ್ಪ ಕೇಳಿದ.

“ಇದ್ದೆರಿ. ಈಗ ಖಾತ್ರಿ ಆಗೀನಿ. ಬೀದರ್ ಜಿಲ್ಲಾಕ್ಕೆಲ್ಲಾ ಪಂಢರಿ ಮಾರುತಿ ಅಂದ್ರ ಇನ್ನ ನಾ ಒಬ್ಬನೇ.”

ಹದಿನೈದು ದಿನ ಅವನು ಬಂದವರಿಗೆಲ್ಲ ಚಹಾ ಕುಡಿಸಿ ಇದನ್ನೇ ಹೇಳಿದ. ಜಂಬಕ್ಕೆ ಹೇಳಿದ ಆ ಮಾತು ಅಕ್ಷರಶಃ ಸತ್ಯವೆಂಬುದು ಅವನಿಗೆ ತಿಳಿದಿರಲಿಲ್ಲ. ಊರ ಹೆಸರು ಹೋದ ಮೇಲೆ ಅಪ್ಪನ ಹೆಸರು ಮಾರುತಿಯಾದ ಜಿಲ್ಲೆಯ ಪಂಢರಿಗಳೆಲ್ಲ ಕಂಪನಿಯ ಲೆಕ್ಕದಲ್ಲಿ ಒಬ್ಬನೇ ಆಗಿದ್ದರು. ಗುರುತು ಸಿಕ್ಕವನು ಆ ಒಬ್ಬನಾದ. ಮಿಕ್ಕವರು ಇಲ್ಲವಾದರು.

ದೀಪಾವಳಿಯ ಮರುದಿನ ಗಂಡ ಹೆಂಡತಿ ಊಟಕ್ಕೆ ಕೂತಿದ್ದಾಗ ಫೋನು ಗುಣುಗುಟ್ಟಿತು. ಪಂಢರಿ ಎಡಗೈಯಲ್ಲಿ ಒತ್ತಿದ. ಕೂದಲೆಣ್ಣೆಯ ಹಾಡು ಮುಗಿದು ಒಂದು ಹೆಣ್ಣು ದನಿ ಬಂತು.

“ರೀ, ನಾ ಮಾತಾಡ್ತಿದೀನಿ. ಹಬ್ಬಕ್ಕ ಬರ್ತೇನಿ ಅಂದಿದ್ರಿ, ಬರ್ಲಿಲ್ಲ. ನಿಮಗಂತ ತೆಗೆದಿಟ್ಟ ಹೋಳಗಿ ಹಳಸಿ ಹೋಯ್ತು. ಹೇಳಬಾರದಂತ ಮಾಡಿದ್ದೆ. ಹೇಳಿಬಿಟ್ಟೆ.”

ಶೇವಂತಾಬಾಯಿಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ನಿಂತಿತು.

“ಯಾರ ಇಕಿ?”

“ಗೊತ್ತಿಲ್ಲ.”

“ಗೊತ್ತಿಲ್ಲದಾಕಿ ನಿಮಗ ಹೋಳಗಿ ತೆಗೆದಿಡ್ತಾಳೇನು?”

“ನನಗಲ್ಲ, ಬ್ಯಾರೆ ಯಾರೋ ಪಂಢರಿಗಿ. ಇಕಿ ಅವನ ಹೆಂಡ್ತಿ.”

“ಅಯ್ಯೋ! ಮಂದಿ ಹೆಂಡ್ತಿ!” ಎಂದು ಶೇವಂತಾಬಾಯಿ ಎದ್ದುಬಿಟ್ಟಳು.

ಮೂರನೆಯ ದಿನ ಚಿಂತಾಕಿಯಿಂದ ಮೊದಲ ಬಸ್ಸಿಗೆ ಮಾವ ಕಾಶೀರಾಮ ಬಂದಿಳಿದ. ಝೆರಾಕ್ಸ್ ಅಂಗಡಿಯಲ್ಲೇ ಪಂಚಾಯಿತಿ ಕೂತಿತು. ಹಾವಗೆಪ್ಪ ಕರೆಯದೆ ಬಂದ. ಸಾಕ್ಷಿಗೆಂದು ಫೋನು ಹಚ್ಚಿದರು. ಕಾಶೀರಾಮನಿಗೆ ಕಿವಿ ಮಂದ, ಆದರೂ ಮುಂದೆ ಬಾಗಿ ಗಂಭೀರವಾಗಿ ಕೇಳಿದ.

“ಇಕಿ ಎಣ್ಣಿ ಮಾರ್ತಾಳೇನು?”

“ಅದು ಜಾಹೀರಾತು, ಮಾವಾ. ಮುಂದ ಕೇಳ್ರಿ.”

ಮುಂದಿನದನ್ನು ಕೇಳಿ ಕಾಶೀರಾಮ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಪಂಢರಿ ಗೋಗರೆದ. “ಇದು ಕಂಪನಿ ಗೊಂದಲರಿ. ನನ್ನ ಹೆಸರಿನಾಂವ ಇನ್ನೊಬ್ಬ ಎಲ್ಲೋ ಅದಾನ.”

ಹಾವಗೆಪ್ಪ ನ್ಯಾಯಾಧೀಶನಂತೆ ಗಂಟಲು ಸರಿಮಾಡಿಕೊಂಡ. “ತಪ್ಪು ತಿಳೀಬ್ಯಾಡ್ರಿ. ಜಿಲ್ಲಾಕ್ಕೆಲ್ಲಾ ಪಂಢರಿ ಮಾರುತಿ ನಾ ಒಬ್ಬನೇ ಅಂತ ನೀವೇ ಹೇಳೀರಿ. ನನ್ನ ಹೋಟೆಲದಾಗೇ ಹೇಳೀರಿ. ಈಗ ಇನ್ನೊಬ್ಬ ಅದಾನ ಅಂದ್ರ ಹ್ಯಾಂಗ್ರಿ?”

ಫೋನು ಇನ್ನು ಮೇಲೆ ಶೇವಂತಾಬಾಯಿಯ ವಶದಲ್ಲಿರಬೇಕು, ಬಂದ ಮಾತನ್ನೆಲ್ಲ ಮೊದಲು ಅವಳೇ ಕೇಳಬೇಕು ಎಂದು ತೀರ್ಪಾಯಿತು.

ಆ ಹೆಂಗಸಿಗೆ ನಿಜ ಹೇಳಿಬಿಡೋಣವೆಂದರೆ ದಾರಿಯಿರಲಿಲ್ಲ. ಆಕೆ ಯಾವ ಊರೆಂದು ಹೇಳುತ್ತಿರಲಿಲ್ಲ. ಗಂಡನಿಗೆ ಯಾರಾದರೂ ಊರ ಹೆಸರು ಹೇಳುತ್ತಾರೆಯೇ? ನಂಬರು ತೋರಿಸುವುದನ್ನು ಕಂಪನಿ ನಿಲ್ಲಿಸಿತ್ತು. ಹಳೆಯ ಮಿಸ್ಡ್ ಕಾಲ್ ನಂಬರಿಗೆ ಹಚ್ಚಿದರೆ, ‘ನೀಲಿ ಗುರುತಿನವರು ಆ್ಯಪ್‌ನಲ್ಲೇ ಉತ್ತರಿಸಬೇಕು’ ಎಂದು ಯಂತ್ರ ಹೇಳುತ್ತಿತ್ತು. ಆ್ಯಪ್‌ನಲ್ಲೋ, ‘ಸರಿ’, ‘ಆಗಲಿ’, ‘ಹ್ಹಹ್ಹಹ್ಹ’. ದೂರು ಬರೆದು ಕಳಿಸಿದರೆ ಮೂರು ದಿನದ ಮೇಲೆ ಉತ್ತರ ಬಂತು: ‘ಪ್ರಿಯ ಪಂಢರಿ, ನಮ್ಮ ದಾಖಲೆಯ ಪ್ರಕಾರ ನೀವು ಪಂಢರಿ. ನಿಮ್ಮ ಸಮಸ್ಯೆ ಬಗೆಹರಿದಿದೆ. ನಮಗೆ ಐದು ನಕ್ಷತ್ರ ಕೊಡಿ.’ ಬೀದರಿಗೆ ಹೋಗಿ ಓಗೊಡು ಆಫೀಸಿನಲ್ಲಿ ಕೇಳಿ ಬರುತ್ತೇನೆಂದರೆ ಶೇವಂತಾಬಾಯಿ ಬಿಡಲಿಲ್ಲ. “ಆಕಿನ ಹುಡುಕ್ಕೊಂಡು ಹೊಂಟೀರೇನು?”

ಹೀಗೆ ಕಾರ್ತೀಕ ಹೋಯಿತು, ಸಂಕ್ರಾಂತಿ ಹೋಯಿತು. ಆ ಹೆಂಗಸಿನ ಹೆಸರು ಕಾಂತಾಬಾಯಿ ಎಂದೂ, ಮಗಳು ಸುಜಾತಾ ಹತ್ತನೆಯ ಇಯತ್ತೆಯಲ್ಲಿದ್ದಾಳೆಂದೂ, ಗಂಡ ಪುಣೆಯಲ್ಲಿ ಗೌಂಡಿ ಕೆಲಸಕ್ಕೆ ಹೋದವನೆಂದೂ ಪಂಢರಿಗೆ ಗೊತ್ತಾಯಿತು. ಹುಣಸೆಮರ ಆ ವರ್ಷ ಹೂವನ್ನೇ ಬಿಡಲಿಲ್ಲವೆಂದು ಗೊತ್ತಾಯಿತು. ಶೇವಂತಾಬಾಯಿ ಮೊದಮೊದಲು ಕುತಂತ್ರ ಹಿಡಿಯಲೆಂದು ಒಂದೊಂದು ಮಾತನ್ನೂ ಎರಡೆರಡು ಸಲ ಕೇಳುತ್ತಿದ್ದಳು. ಎರಡನೆಯ ತಿಂಗಳಿಗೆ, ಒಂದು ದಿನ ಮಾತು ಬರದಿದ್ದರೆ “ಇವತ್ತ ಯಾಕ ಬಂದಿಲ್ಲ, ನೋಡ್ರಿ ಜರಾ” ಎಂದು ಫೋನನ್ನು ಗಂಡನ ಕೈಗೇ ಕೊಡುತ್ತಿದ್ದಳು. ಯಾವಾಗ ನಂಬಿದಳು ಎಂದು ಅವನು ಕೇಳಲಿಲ್ಲ. ಕೇಳಿದರೆ ಮತ್ತೆ ಶುರುವಾದೀತೆಂಬ ಭಯ.

ಆದರೆ ಕಾಂತಾಬಾಯಿಯ ದನಿ ಬದಲಾಗುತ್ತಿತ್ತು. ಹೋಳಿಗೆಯ ಸಿಟ್ಟು ಹೋಗಿತ್ತು, ಹೆದರಿಕೆ ಬಂದಿತ್ತು.

ಮಾರ್ಚ್ ನಡುವಿನ ಒಂದು ಸೋಮವಾರ. ಟ್ಯಾಂಕರ್ ಬಂದಿತ್ತೆಂದು ಶೇವಂತಾಬಾಯಿ ಫೋನನ್ನು ಅಂಗಡಿಯಲ್ಲಿಟ್ಟು ಕೊಡ ಹೊತ್ತು ಓಡಿದ್ದಳು. ಫೋನು ಗುಣುಗುಟ್ಟಿತು.

“ರೀ, ನಾಕ ತಿಂಗಳಾಯ್ತು, ನಿಮ್ಮ ದನಿ ಇಲ್ಲ. ನಿಮಗ ಆರಾಮ ಇಲ್ಲೇನು? ಎಲ್ಲರೆ ಬಿದ್ದೀರೇನು? ಖರೇ ಹೇಳ್ರಿ. ಸುಜಾತಾನ ಪರೀಕ್ಷಾ ಹನ್ನೆರಡು ದಿನ ಉಳದದ. ಆದರೂ ಇರಲಿ, ಆಕಿನ ಕರ್ಕೊಂಡು ನಾ ಬಂದುಬಿಡ್ತೇನಿ. ಬರ್ಲೇನ್ರಿ?”

ಪಂಢರಿ ಫೋನನ್ನು ಕಣ್ಣ ಹತ್ತಿರ ಹಿಡಿದ. ಇನ್ನೊಮ್ಮೆ ಕೇಳಬೇಕೆಂದು ಬೆವೆತ ಹೆಬ್ಬೆರಳಿನಿಂದ ಗಾಜನ್ನು ಒತ್ತಿದ. ಬೆರಳು ಜಾರಿತು. ‘ಧನ್ಯವಾದ! ನಿಮ್ಮ ಉತ್ತರ ತಲುಪಿದೆ’ ಎಂದು ಫೋನಿನಲ್ಲಿ ಹೂವು ಉದುರಿದವು. ಹೋದ ಉತ್ತರ ‘ಆಗಲಿ’.

ವಾಪಸು ಪಡೆಯುವ ಗುಂಡಿಗಾಗಿ ಅವನು ಸಂಜೆಯವರೆಗೆ ಹುಡುಕಿದ. ಇರಲಿಲ್ಲ. ಮನೆಯಲ್ಲಿ ಹೇಳಲು ಧೈರ್ಯ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಗೊಂದಲದ ಮನುಷ್ಯನಿಗೆ ಧೈರ್ಯ ಯಾವಾಗಲೂ ಒಂದು ದಿನ ತಡವಾಗಿಯೇ ಬರುತ್ತದೆ. ಬುಧವಾರ ಬೆಳಿಗ್ಗೆ, ಝೆರಾಕ್ಸ್ ಕಾಗದ ತರುತ್ತೇನೆಂದು ಸುಳ್ಳು ಹೇಳಿ, ಫೋನು ಜೇಬಿಗಿಳಿಸಿ ಬೀದರ್ ಬಸ್ಸು ಹತ್ತಿದ.

ಚೌಬಾರಾ ಗೋಪುರದ ಹತ್ತಿರ ಒಂದು ಅಂಗಡಿಯ ಮಹಡಿಯ ಮೇಲೆ ಓಗೊಡು ಆಫೀಸು ಇತ್ತು. ಪಂಢರಿ ಏಣಿಮೆಟ್ಟಿಲು ಹತ್ತಿ ಹೋದಾಗ ಒಬ್ಬ ಹೆಣ್ಣುಮಗಳು ಕುರ್ಚಿಯ ಮೇಲೆ ನಿಂತು ಗೋಡೆಯ ಬೋರ್ಡು ಬಿಚ್ಚುತ್ತಿದ್ದಳು. ಹೆಸರು ಶಿವಕಾಂತಾ. ಮೂರು ವರ್ಷದಿಂದ ಜಿಲ್ಲೆಯ ಜನರ ದೂರು ಕೇಳಿಕೊಂಡಿದ್ದವಳು.

“ಬಂದ್ ಆಗ್ಯದರಿ,” ಎಂದಳು. “ಹತ್ತು ಮಂದಿನ ತೆಗೆದು ಒಂದು ಯಂತ್ರ ಇಟ್ಟಾರ. ಈ ತಿಂಗಳ ಕಡಿಗಿ ಓಗೊಡು ಅನ್ನೋ ಹೆಸರೂ ಇರಂಗಿಲ್ಲ. ಇಟ್ಟ ಮಾತೆಲ್ಲಾ ಅಳಸ್ತಾರ.”

ಪಂಢರಿ ತನ್ನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಶಿವಕಾಂತಾ ಕುರ್ಚಿಯಿಂದ ಇಳಿದು, ರಟ್ಟಿನ ಡಬ್ಬಿಯೊಳಗಿಂದ ಕೈಬರಹದ ಒಂದು ನೋಟುಬುಕ್ಕು ತೆಗೆದಳು.

“ಪಂಢರಿ ಮಾರುತಿ ಏಳು ಮಂದಿ ಇದ್ರಿ. ಹೆಂಡ್ತಿ ಕಾಂತಾಬಾಯಿ ಅಂದ್ರ ಹಲಬರ್ಗಾದಾಂವ. ಭಾಳ ಸಾದಾ ಮನುಷ್ಯ. ಪ್ರತಿ ಐತವಾರ ಮಾತು ಇಡ್ತಿದ್ದ. ಊರ ಹೆಸರು ತೆಗೀಬ್ಯಾಡ್ರಿ ಅಂತ ಕಂಪನಿಗಿ ನಾ ಮೂರು ಪತ್ರ ಬರದೆ. ನಾಕನೇದಕ್ಕ ನನ್ನ ಹೆಸರೇ ತೆಗದ್ರು.”

ಅವಳು ನಗಲೆಂದು ಹೇಳಿದಳು. ಆದರೆ ನಗು ಬರಲಿಲ್ಲ, ಮತ್ತೆ ಕುರ್ಚಿ ಹತ್ತಿದಳು.

ಭಾಲ್ಕಿಯವರೆಗೆ ಬಸ್ಸು, ಅಲ್ಲಿಂದ ಹಲಬರ್ಗಾಕ್ಕೆ ಟೆಂಪೊ. ಮಧ್ಯಾಹ್ನದ ಬಿಸಿಲಿನಲ್ಲಿ ಪಂಢರಿ ಕೇಳುತ್ತ ಕೇಳುತ್ತ ಆ ಮನೆ ಮುಟ್ಟಿದ. ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಒಬ್ಬ ಕೂತಿದ್ದ. ಉಗುರಿನ ಸಂದಿಯಲ್ಲಿ ಸಿಮೆಂಟು.

“ಯಾರ ಬೇಕಾಗಿತ್ರಿ?”

“ಪಂಢರಿ ಮಾರುತಿ.”

“ನಾನೇರಿ. ತಾವು?”

“ಪಂಢರಿ ಮಾರುತಿ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಲಬರ್ಗಾದ ಪಂಢರಿ ಚೀಲ ಸರಿಸಿ ಕೂರಲು ಜಾಗ ಮಾಡಿಕೊಟ್ಟ. ಅವನ ಕಥೆ ಸಣ್ಣದಿತ್ತು. ದೀಪಾವಳಿಗೆ ಮುಂಚೆ ಅವನ ಫೋನು ಸಿಮೆಂಟು ಕಲಸುವ ಯಂತ್ರದೊಳಗೆ ಬಿತ್ತು. ನಂಬರುಗಳೆಲ್ಲ ಅದರಲ್ಲೇ ಇದ್ದವು. ಪುಣೆಯ ಹಿಂಜವಡಿಯ ಕೆಲಸ ಮುಗಿದು, ಊರಿನ ಇನ್ನೊಂದು ತುದಿಯ ವಾಘೋಲಿಗೆ ಹೋದ. ಬಾಯಿಪಾಠ ಇದ್ದದ್ದು ಓಗೊಡು ನಂಬರೊಂದೇ.

“ಹಚ್ಚಿದಾಗೊಮ್ಮೆ, ನೀವು ಪಂಢರಿ ಅಲ್ಲ, ಪಂಢರಿ ಬ್ಯಾರೆ ಅದಾರ ಅಂತಿತ್ತರಿ ಯಂತ್ರ. ನಾಕ ತಿಂಗಳ ಅದನ್ನೇ ಕೇಳಿ ಕೇಳಿ, ಕಡಿಗಿ ನನಗೇ ಸಂಶಯ ಬರಲಿಕ್ಹತ್ತು. ಮಗಳ ಪರೀಕ್ಷಾ ಬಂತು, ಮನೀಗಾದ್ರೂ ಹೋಗಿ ನೋಡೋಣಂತ ಬಂದ್ರ, ಬೀಗ.”

ಅಷ್ಟರಲ್ಲಿ ಪಕ್ಕದ ಮನೆಯ ಅಕ್ತರಬೀ ಚೊಂಬಿನಲ್ಲಿ ನೀರು ತಂದಳು. ಕಾಂತಾಬಾಯಿ ಮಾತಾಡುತ್ತಿದ್ದದ್ದು ಅವಳ ಫೋನಿನಿಂದಲೇ. “ನಿನ್ನಿ ಪುಣೆ ರೈಲಿಗಿ ಹೋದಳಪ್ಪಾ. ನೀನೇ ಆಗಲಿ ಅಂದೀಯಂತಲ್ಲ? ನಿನಗ ಏನೋ ಆಗ್ಯದಂತ ಅಳ್ಕೋತ ಹೋದಳು. ಹುಡುಗಿ ಪುಸ್ತಕದ ಚೀಲ ಬಿಡಲೇ ಇಲ್ಲ, ಹೆಗಲಿಗಿ ಹಾಕ್ಕೊಂಡೇ ಹೋಯ್ತು.”

ಔರಾದದ ಪಂಢರಿ ನೆಲ ನೋಡುತ್ತ ಎಲ್ಲ ಹೇಳಿದ. ನೀಲಿ ಗುರುತು ಹೇಳಿದ, ಬೆವೆತ ಬೆರಳು ಹೇಳಿದ, ಸುಮ್ಮನೆ ಕಳೆದ ಎರಡು ದಿನ ಹೇಳಿದ. ಅಕ್ತರಬೀ ಅವನ ವಂಶದ ಮೂರು ತಲೆಮಾರಿನವರಿಗೆ ಬೈದಳು. ಹಲಬರ್ಗಾದ ಪಂಢರಿ ಬೈಯಲಿಲ್ಲ, ಹೊಡೆಯಲೂ ಇಲ್ಲ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಆಕಿ ಏನೇನ್ ಅಂದಾಳ, ನನಗ ಕೇಳಸ್ರಿ,” ಎಂದ ಅಷ್ಟೆ.

ಹಳೆಯ ಮಾತುಗಳನ್ನು ಒಂದೊಂದಾಗಿ ಒತ್ತಿದರು. ‘ಹಳೆಯ ಮಾತು ಚಿನ್ನದ ಸದಸ್ಯರಿಗೆ ಮಾತ್ರ’ ಎಂದು ಬಂತು. ಚಿನ್ನದ ಸದಸ್ಯರಾಗಲು ಹೋದರೆ ‘ಸದ್ಯ ಹೊಸಬರನ್ನು ಸೇರಿಸಿಕೊಳ್ಳುತ್ತಿಲ್ಲ’ ಎಂದು ಬಂತು. ಇಬ್ಬರೂ ಹಾಗೆ ಬಾಗಿ ಕೂತಿದ್ದಾಗಲೇ ಫೋನು ಗುಣುಗುಟ್ಟಿತು. ಕೂದಲೆಣ್ಣೆಯ ಹಾಡನ್ನು ಇಬ್ಬರೂ ಉಸಿರು ಹಿಡಿದು ಪೂರ್ತಿ ಕೇಳಬೇಕಾಯಿತು.

“ರೀ, ಹಿಂಜವಡಿಗಿ ಬಂದೀವಿ. ಇಲ್ಲಿ ವಾಚಮನ್ನರ ಫೋನಿನಿಂದ ಮಾತಾಡ್ತಿದೀನಿ. ನಿಮ್ಮ ಹೆಸರಿನಾಂವ ಯಾರೂ ಇಲ್ಲಂತ. ಯಾವ ದವಾಖಾನ್ಯಾಗ ಅದೀರಿ? ಸುಜಾತಾ ಗೇಟಿನ ನೆರಳಾಗ ಓದ್ಕೋತ ಕುಂತಾಳ. ಈಗ ದವಾಖಾನಿ ಹುಡುಕಲಿಕ್ಕ ಹೋಗ್ತೇವಿ.”

‘ಅಲ್ಲೇ ಇರು, ಬರುತ್ತೇನೆ’ ಎಂದು ಹೇಳಬೇಕಿತ್ತು. ಹಲಬರ್ಗಾದ ಪಂಢರಿ ಮೂರು ಉತ್ತರಗಳನ್ನೂ ಬೆರಳಿಟ್ಟು ನಿಧಾನವಾಗಿ ಓದಿದ. ಸರಿ. ಆಗಲಿ. ಹ್ಹಹ್ಹಹ್ಹ. ಮತ್ತೊಮ್ಮೆ ಓದಿದ. ಆಮೇಲೆ ಯಾವುದನ್ನೂ ಒತ್ತದೆ ಫೋನನ್ನು ತಿರುಗಿಸಿ ಹಿಡಿದ.

“ಇದು ನೀವೇ ಒಯ್ರಿ,” ಎಂದ ಔರಾದದವನು. “ಆಕಿ ಮಾತು ಇದಕ್ಕೇ ಬರ್ತದ.”

ಸಂಜೆ ಭಾಲ್ಕಿ ಸ್ಟೇಶನ್ನಿನಲ್ಲಿ ಅವನನ್ನು ರೈಲು ಹತ್ತಿಸಿ, ಫೋನಿಲ್ಲದ ಪಂಢರಿ ಮನೆಗೆ ಬಂದ. ಶೇವಂತಾಬಾಯಿಗೆ ನಡೆದದ್ದೆಲ್ಲ ಹೇಳಿ ಬೈಗುಳಕ್ಕೆ ತಲೆಕೊಟ್ಟು ನಿಂತ. ಅವಳು ಬೈಯಲಿಲ್ಲ. “ಹುಡುಗಿ ಪರೀಕ್ಷಾ?” ಎಂದು ಕೇಳಿದಳು. ಕೇಳಿದವಳೇ ಒಳಗೆ ಹೋದಳು.

ಪರೀಕ್ಷೆಯ ದಿನ ಬೆಳಿಗ್ಗೆ ಝೆರಾಕ್ಸ್ ಅಂಗಡಿಯಲ್ಲಿ ಹಾಲ್ ಟಿಕೆಟ್ ತೆಗೆಸಲು ಮಕ್ಕಳ ಗದ್ದಲ. ಒಂದೊಂದು ಟಿಕೆಟಿನ ಮೇಲೂ ಒಂದೊಂದು ಫೋಟೋ. ಪಂಢರಿ ಎರಡು ಜಡೆಯ ಹುಡುಗಿಯರ ಹೆಸರನ್ನು ಸುಮ್ಮಸುಮ್ಮನೆ ಓದಿ ನೋಡಿದ. ಸುಜಾತಾ ಎಂಬವಳು ಒಬ್ಬಳು ಬಂದಳು. ಅವಳು ಔರಾದದವಳೇ.

ಏಪ್ರಿಲ್ ನಡುವಿನಲ್ಲಿ ಒಂದು ಮಧ್ಯಾಹ್ನ ಹಲಬರ್ಗಾದ ಪಂಢರಿ ಅಂಗಡಿಯ ಮುಂದೆ ಬಂದು ನಿಂತ. ಹಿಂದೆ ಒಬ್ಬ ಹೆಂಗಸು. ಹದಿನಾರು ದಿನ ಹುಡುಕಿದ್ದನಂತೆ. ಆಕೆ ಒಂದು ದವಾಖಾನೆಯಿಂದ ಮಾತು ಇಡುವಳು, ಇವನು ಅಲ್ಲಿ ಹೋಗುವಷ್ಟರಲ್ಲಿ ಇನ್ನೊಂದಕ್ಕೆ ಹೋಗಿರುವಳು. ತಿಂಗಳ ಕೊನೆಗೆ ಮಾತೂ ನಿಂತುಹೋಯಿತು. ಕಡೆಗೆ ತಾಯಿ ಮಗಳು ಸೋತು ಹಿಂಜವಡಿಯ ಗೇಟಿಗೇ ಮರಳಿ ಬಂದು ಕೂತಾಗ, ವಾಚಮನ್ನನೇ ಗೌಂಡಿಗಳ ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿಸಿದನಂತೆ. ಪರೀಕ್ಷೆ ಮುಗಿಯುತ್ತ ಬಂದಿತ್ತು. ಸುಜಾತಾ ಈಗ ಪುಣೆಯಲ್ಲೇ ಇದ್ದಾಳೆ, ಕೆಲಸಕ್ಕೆ ಹೋದವರ ಕೂಸುಗಳನ್ನು ನೋಡಿಕೊಳ್ಳುತ್ತಾಳೆ. ಜೂನಿನಲ್ಲಿ ಮತ್ತೆ ಪರೀಕ್ಷೆ ಇದೆ ಎಂದು ಯಾರೋ ಹೇಳಿದ್ದಾರೆ. ಬರೆಯುತ್ತಾಳೋ ಇಲ್ಲವೋ, ಅವಳು ಆ ಮಾತೆತ್ತುವುದಿಲ್ಲ. ಇವರು ಮನೆಯ ಸಾಮಾನು ಒಯ್ಯಲು ಬಂದವರು. ಹಾಗೇ ಫೋನು ಕೊಟ್ಟು ಹೋಗಲು ಬಂದಿದ್ದರು.

“ಜರಾ ನೀರ ಕೊಡ್ತೀರೇನ್ರಿ?” ಎಂದಳು ಆ ಹೆಂಗಸು.

ಔರಾದದ ಪಂಢರಿ ತಲೆಯೆತ್ತಿ ನೋಡಿದ. ನಾಲ್ಕು ತಿಂಗಳು ಕೇಳಿದ ದನಿ. ಆ ದನಿಗೆ ಇಷ್ಟು ಬಿಸಿಲಿಗೆ ಸುಟ್ಟ ಮುಖ ಇದೆಯೆಂದು ಅವನು ಯಾವತ್ತೂ ಎಣಿಸಿರಲಿಲ್ಲ. ಮುಖ ನೋಡುತ್ತಲೇ ನೀರು ಕೊಡಹೋಗಿ ಅರ್ಧ ಚೆಲ್ಲಿದ. ಆ ಬೇಸಿಗೆಯಲ್ಲಿ ಅದೂ ಒಂದು ಅಪರಾಧ.

ಕಾಂತಾಬಾಯಿ ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಇವರು ಕೇಳಲಿಕ್ಕ ಆಗಲಿಲ್ಲಂತ. ಎಲ್ಲಾ ಅಳಿಸಿ ಹೋಯ್ತಂತ. ನೀವು ಕೇಳೀರೇನ್ರಿ, ನಾ ಮಾತಾಡಿದ್ದು?”

ಪರಸ್ತ್ರೀಯ ಮಾತನ್ನು ಕದ್ದು ಕೇಳಿದೆ ಎಂದು ಯಾವ ಬಾಯಿಂದ ಹೇಳುವುದು? ಪಂಢರಿ ತನ್ನ ನಲವತ್ತಾರು ವರ್ಷದ ಮರ್ಯಾದೆಯನ್ನೆಲ್ಲ ಒಟ್ಟುಗೂಡಿಸಿಕೊಂಡು ಹೇಳಿದ: “ಇಲ್ಲರಿ ಅಕ್ಕಾ. ಆಣಿ ಮಾಡಿ ಹೇಳ್ತೇನಿ, ಒಂದೂ ಕೇಳಿಲ್ಲ.”

ಅವಳ ಮುಖದಲ್ಲಿ ನೆಮ್ಮದಿ ಬರುತ್ತದೆಂದು ಅವನು ಕಾದ. ಬರಲಿಲ್ಲ.

“ಅಂದ್ರ ಯಾರೂ ಕೇಳಿಲ್ಲ ಅನ್ರಿ,” ಎಂದಳು ಕಾಂತಾಬಾಯಿ. “ಯಾರರೆ ಒಬ್ಬರು ಕೇಳ್ಯಾರಂತ ತಿಳಕೊಂಡಿದ್ದೆ.”

ಪಂಢರಿ ಬಾಯಿ ತೆರೆದ. ಈಗ ಯಾವುದನ್ನು ಹೇಳಿದರೂ ಇನ್ನೊಂದು ಸುಳ್ಳಾಗುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತಿದ್ದ ಶೇವಂತಾಬಾಯಿ ಮುಂದೆ ಬಂದಳು.

“ನಾ ಕೇಳೀನಿ, ಅಕ್ಕಾ. ಒಂದೂ ಬಿಟ್ಟಿಲ್ಲ. ಬರ್ರಿ, ಒಳಗ ಕೂಡ್ರಿ.”

ಇಬ್ಬರೂ ಹೆಂಗಸರು ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಶೇವಂತಾಬಾಯಿ ಹಬ್ಬದ ಮರುದಿನದಿಂದ ಶುರುಮಾಡಿದಳು. ಯಾವ ದಿನ ಏನು ಹೇಳಿದ್ದಳು, ಎಲ್ಲಿ ನಕ್ಕಿದ್ದಳು, ಯಾವತ್ತು ಮಾತಾಡದೆ ಸುಮ್ಮನೆ ಎರಡು ನಿಮಿಷ ಕಳೆದಿದ್ದಳು, ಎಲ್ಲ ಹೇಳಿದಳು. ನಡುನಡುವೆ ಕಾಂತಾಬಾಯಿ “ಹೌದು, ಹಂಗೇ ಅಂದಿದ್ದೆ” ಎನ್ನುತ್ತಿದ್ದಳು. ಒಮ್ಮೆ, “ಅದಾದ ಮ್ಯಾಲ ಮೂರು ದಿನ ಯಾಕ ಬರಲಿಲ್ಲ ಅಕ್ಕಾ? ನಾ ಭಾಳ ಹೆದರಿದ್ದೆ” ಎಂದು ಶೇವಂತಾಬಾಯಿಯೇ ಕೇಳಿದಳು.

ಹಲಬರ್ಗಾದ ಪಂಢರಿ ಬಾಗಿಲ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಕೂತ. ತನ್ನ ಮನೆಯ ನಾಲ್ಕು ತಿಂಗಳು ಒಳಗಿನಿಂದ ಬೇರೆ ಹೆಂಗಸಿನ ಬಾಯಲ್ಲಿ ಬರುತ್ತಿತ್ತು. ಅವನು ಮೊಣಕಾಲಿಗೆ ಹಣೆ ಹಚ್ಚಿ ಕೇಳಿದ. ಝೆರಾಕ್ಸ್ ಯಂತ್ರದ ಸದ್ದು ಅಡ್ಡಿಯಾದೀತೆಂದು ಔರಾದದ ಪಂಢರಿ ಅದರ ಸ್ವಿಚ್ಚು ಆರಿಸಿದ. ಗಿರಾಕಿಗಳು ಬಂದರೆ ನಾಳೆ ಬರ್ರಿ ಎಂದು ಸನ್ನೆಯಲ್ಲೇ ಹೇಳಿದ.

ಎದುರಿಗೆ ಬೀದರ್ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಯಾರೂ ಏಳಲಿಲ್ಲ. ಶೇವಂತಾಬಾಯಿ ಆಗಿನ್ನೂ ಸಂಕ್ರಾಂತಿಯವರೆಗೆ ಬಂದಿದ್ದಳು.